ಎಂಎಸ್ ಇರುವ ಮನೆಯ ಅಡುಗೆ: ಲಕ್ಷಣ ನೋಡಿ ಊಟ ಹೊಂದಿಸಿಕೊಳ್ಳುವುದು ಹೇಗೆ?

ಅದು ನರಕ ಚತುರ್ದಶಿಯ ಬೆಳಗ್ಗೆ. ತಿಪಟೂರಿನ ನಮ್ಮ ಮನೆಯಲ್ಲಿ ಹಂಡೆ ನೀರು ಕುದಿಯುತ್ತಿತ್ತು. ಅಮ್ಮ ಅಕ್ಕನ ನೆತ್ತಿಗೆ ಹರಳೆಣ್ಣೆ ತಟ್ಟಿ, ಚೆನ್ನಾಗಿ ಕಾದ ನೀರನ್ನು ಚೊಂಬು ಚೊಂಬು ಹೊಯ್ದರು. ಸ್ವಲ್ಪ ಹೊತ್ತಿಗೆ ಅಕ್ಕ "ಅಮ್ಮಾ, ಕಣ್ಣು ಮಂಜಾಗ್ತಿದೆ" ಅಂದಳು. ಏಳಲು ಹೋದರೆ ಬಲಗಾಲು ಮಾತು ಕೇಳಲಿಲ್ಲ. ಇಬ್ಬರು ಹಿಡಿದು ಹೊರಗೆ ತಂದೆವು. ಫ್ಯಾನ್ ಕೆಳಗೆ ಕೂರಿಸಿ ತಣ್ಣನೆ ನೀರು ಕೊಟ್ಟೆವು. ಮುಕ್ಕಾಲು ಗಂಟೆಯಲ್ಲಿ ಕಣ್ಣೂ ಸರಿಹೋಯಿತು, ಕಾಲೂ ಸರಿಹೋಯಿತು. ಅಷ್ಟರಲ್ಲಿ ಅಮ್ಮ ಅತ್ತು ಅತ್ತು ಸುಸ್ತಾಗಿದ್ದರು.

ಅಕ್ಕನಿಗೆ ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ ಎಂದು ಗೊತ್ತಾಗಿ ಆಗ ಒಂದು ವರ್ಷ ಆಗಿತ್ತು. ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ಮೈ ಬಿಸಿ ಅರ್ಧ ಡಿಗ್ರಿ ಏರಿದರೂ ಸಾಕು, ಮೊದಲೇ ಪೆಟ್ಟು ತಿಂದ ನರಗಳಲ್ಲಿ ಸಂದೇಶ ಸರಿಯಾಗಿ ಹರಿಯುವುದಿಲ್ಲ. ತಣ್ಣಗಾದ ಮೇಲೆ ಮತ್ತೆ ಸರಿಹೋಗುತ್ತದೆ. ಇದನ್ನು 1890ರಲ್ಲಿ ವಿಲ್ಹೆಲ್ಮ್ ಉಥಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು ಗುರುತಿಸಿದ್ದರು. ಎಂಆರ್‌ಐ ಬರುವ ಮೊದಲು ಈ ಕಾಯಿಲೆ ಪತ್ತೆ ಮಾಡಲು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ನೋಡುತ್ತಿದ್ದರಂತೆ. ನಾವು ಹಬ್ಬದ ದಿನ ಗೊತ್ತಿಲ್ಲದೆ ಅದೇ ಪರೀಕ್ಷೆ ಮಾಡಿದ್ದೆವು.

ಅವತ್ತಿನಿಂದ ನಾನು ಅಕ್ಕನ ಊಟ, ನೀರು, ನಿದ್ದೆ, ಮಾತ್ರೆ ಎಲ್ಲವನ್ನೂ ಗಮನಿಸಿ ಬರೆದಿಡಲು ಶುರು ಮಾಡಿದೆ. ನಾನು ಡಾಕ್ಟರ್ ಅಲ್ಲ. ಹನ್ನೊಂದು ವರ್ಷದಿಂದ ಅವಳ ಜೊತೆ ಅಡುಗೆಮನೆಯಲ್ಲಿ ನಿಂತಿರುವ ತಂಗಿ. ಕಲಿತದ್ದರಲ್ಲಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎಂಎಸ್ ವಾಸಿ ಮಾಡುವ ಊಟ ಹುಡುಕುತ್ತಾ ಅಲೆಯಬೇಡಿ, ಅಂಥ ಊಟ ಇಲ್ಲ. ಆದರೆ ಇವತ್ತಿನ ಸುಸ್ತು, ಇವತ್ತಿನ ಮಲಬದ್ಧತೆ, ಇವತ್ತಿನ ಕೆಮ್ಮು, ರಾತ್ರಿ ನಾಲ್ಕು ಸಲ ಏಳುವ ಕಷ್ಟ, ಇವನ್ನು ಊಟದಿಂದ ನಿಜವಾಗಿಯೂ ಕಡಿಮೆ ಮಾಡಬಹುದು.

ಮೊದಲು ಕಾಯಿಲೆ ಅರ್ಥ ಮಾಡಿಕೊಳ್ಳಿ

ನಮ್ಮ ನರಗಳ ಮೇಲೆ ವೈರಿಗೆ ಇರುವಂಥ ಒಂದು ಹೊದಿಕೆ ಇದೆ. ಅದಕ್ಕೆ ಮಯಲಿನ್ ಎನ್ನುತ್ತಾರೆ. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರದಲ್ಲಿರುವ ಈ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ದಾಳಿಯನ್ನು ತಡೆಯುವ ಔಷಧಿಗಳಿವೆ. ಕಾಯಿಲೆ ಮುಂದುವರಿಯದಂತೆ ನೋಡಿಕೊಳ್ಳುವುದು ಅವುಗಳ ಕೆಲಸ, ನಮ್ಮ ಪಲ್ಯ ಸಾರಿನ ಕೆಲಸ ಅಲ್ಲ. ಡಯಟ್ ನಂಬಿಕೊಂಡು ಆ ಮಾತ್ರೆ, ಇಂಜೆಕ್ಷನ್ ಬಿಟ್ಟರೆ ಆಗುವ ಪೆಟ್ಟು ಕೆಲವೊಮ್ಮೆ ಮತ್ತೆ ಸರಿಹೋಗುವುದಿಲ್ಲ. ಇದೊಂದು ವಿಷಯದಲ್ಲಿ ದಯವಿಟ್ಟು ಪ್ರಯೋಗ ಮಾಡಬೇಡಿ.

ಹೆಜ್ಜೆ 1: ಹದಿನೈದು ದಿನ ಬರೆದಿಡಿ

ಊಟ ಬದಲಿಸುವ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ದಿನಕ್ಕೆ ಐದಾರು ಸಾಲು ಸಾಕು. ಎಷ್ಟು ಗಂಟೆಗೆ ಎದ್ದಿರಿ, ಏನು ತಿಂದಿರಿ, ಎಷ್ಟು ನೀರು ಕುಡಿದಿರಿ, ಕಾಫಿ ಎಷ್ಟು ಲೋಟ, ಕಕ್ಕಸಿಗೆ ಹೋದಿರಾ, ಮೂತ್ರಕ್ಕೆ ಎಷ್ಟು ಸಲ, ಸುಸ್ತು ಯಾವಾಗ ಜಾಸ್ತಿ, ಅವತ್ತು ಸೆಕೆ ಇತ್ತಾ. ಅಷ್ಟೇ.

ಅಕ್ಕನ ನೋಟ್‌ಬುಕ್‌ನಲ್ಲಿ ಒಂದು ವಾರದಲ್ಲೇ ವಿಷಯ ಕಾಣಿಸಿತು. ಅವಳಿಗೆ ಕಾಲು ಸೋಲುತ್ತಿದ್ದದ್ದು ಬೆಳಗ್ಗೆ ಹನ್ನೊಂದರ ಹೊತ್ತಿಗೆ. ಅದು ಎರಡು ಗಂಟೆ ಒಲೆ ಮುಂದೆ ನಿಂತು ದೋಸೆ ಹುಯ್ದ ದಿನಗಳಲ್ಲಿ ಮಾತ್ರ. ನಾವು ಅಲ್ಲಿಯವರೆಗೆ ದೋಸೆಯ ಉದ್ದಿನಬೇಳೆಯೇ ವಾಯು ಮಾಡುತ್ತಿದೆ ಎಂದುಕೊಂಡು ಉದ್ದನ್ನೇ ಬಿಡಿಸಿದ್ದೆವು!

ಹೆಜ್ಜೆ 2: ರಕ್ತ ಪರೀಕ್ಷೆ ಮಾಡಿಸಿ, ಎಲ್ಲವನ್ನೂ ಎಂಎಸ್ ತಲೆಗೆ ಕಟ್ಟಬೇಡಿ

ಸುಸ್ತು, ಜೋಮು, ಮರೆವು ಬಂದರೆ ಎಲ್ಲಾ ಎಂಎಸ್‌ನಿಂದಲೇ ಎಂದುಕೊಳ್ಳುತ್ತೇವೆ. ಆದರೆ ಬಿ12 ಕಡಿಮೆಯಾದರೂ ಕೈಕಾಲು ಜೋಮು ಹಿಡಿಯುತ್ತದೆ. ಸಸ್ಯಾಹಾರಿಗಳಲ್ಲಿ ಇದು ತುಂಬ ಸಾಮಾನ್ಯ. ಇನ್ನು ರಕ್ತಹೀನತೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಜನರಿಗೆ ರಕ್ತ ಕಡಿಮೆ. ಹಾಗಾಗಿ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಶ ಎಷ್ಟಿದೆ ಎಂದು ತೋರಿಸುವುದು), ಬಿ12, ವಿಟಮಿನ್ ಡಿ, ಥೈರಾಯ್ಡ್, ಶುಗರ್ ಇಷ್ಟನ್ನು ನೋಡಬಹುದೇ ಎಂದು ಡಾಕ್ಟರ್ ಹತ್ತಿರ ಕೇಳಿ. ಅಕ್ಕನ ಬಿ12 ತೀರಾ ಕೆಳಗಿತ್ತು. ಇಂಜೆಕ್ಷನ್ ತಗೊಂಡ ಮೇಲೆ ಬೆರಳ ತುದಿಯ ಜೋಮು ಅರ್ಧಕ್ಕರ್ಧ ಇಳಿಯಿತು.

ವಿಟಮಿನ್ ಡಿ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಡಿ ಕಡಿಮೆ ಇರುವವರಲ್ಲಿ ಎಂಎಸ್ ಬರುವ ಸಾಧ್ಯತೆ ಜಾಸ್ತಿ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಮಾತ್ರೆ ನುಂಗಿದರೆ ಕಾಯಿಲೆ ಹತೋಟಿಗೆ ಬರುತ್ತದಾ? ಉತ್ತರ ಒಂದೇ ಥರ ಇಲ್ಲ. 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ದಿನಕ್ಕೆ 5,000 ಯೂನಿಟ್ ತಗೊಂಡವರಿಗೂ 600 ಯೂನಿಟ್ ತಗೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. 2025ರಲ್ಲಿ ಫ್ರಾನ್ಸ್‌ನ ಪ್ರಯೋಗದಲ್ಲಿ ಕಾಯಿಲೆ ಈಗಷ್ಟೇ ಶುರುವಾದವರಿಗೆ ಹದಿನೈದು ದಿನಕ್ಕೊಮ್ಮೆ ದೊಡ್ಡ ಡೋಸ್ ಕೊಟ್ಟಾಗ ಅನುಕೂಲ ಕಂಡಿತು. ಕೊರತೆ ಇದ್ದರೆ ಸರಿಪಡಿಸಿಕೊಳ್ಳಲೇಬೇಕು, ಅದರಲ್ಲಿ ಅನುಮಾನ ಇಲ್ಲ.

ನಮ್ಮಲ್ಲಿ ಮೆಡಿಕಲ್ ಶಾಪ್‌ನಲ್ಲಿ ಸಿಗುವುದು ವಾರಕ್ಕೊಂದು ತಗೊಳ್ಳುವ 60,000 ಯೂನಿಟ್ಟಿನ ಗುಳಿಗೆ ಅಥವಾ ಪುಡಿ. ಎಂಟು ವಾರಕ್ಕೆ ಬರೆದುಕೊಟ್ಟದ್ದನ್ನು ವರ್ಷಗಟ್ಟಲೆ ತಗೊಳ್ಳುವವರನ್ನು ನೋಡಿದ್ದೇನೆ. ಕೆಲವರು ವಾರದ ಗುಳಿಗೆಯನ್ನು ದಿನಾ ನುಂಗಿದ್ದೂ ಇದೆ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಬಾಯಾರಿಕೆ, ಮಲಬದ್ಧತೆ ಶುರುವಾಗಿ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಗುಳಿಗೆಯ ಪಟ್ಟಿ ಮೇಲೆ ತಾರೀಕು ಬರೆದಿಡಿ.

ಕೂದಲಿಗೆ ಎಂದು ಬಯೋಟಿನ್ ಎಂಬ ವಿಟಮಿನ್ ತಗೊಳ್ಳುತ್ತಿದ್ದರೆ ರಕ್ತ ಪರೀಕ್ಷೆಗೆ ಮೊದಲು ಹೇಳಿ. ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪು ತೋರಿಸಬಹುದು. ಎಂಎಸ್‌ಗೆ ಭಾರಿ ಡೋಸ್ ಬಯೋಟಿನ್ ಒಳ್ಳೆಯದು ಎಂಬ ಮಾತು ಒಂದಷ್ಟು ವರ್ಷ ಓಡಾಡಿತ್ತು. 2020ರ ದೊಡ್ಡ ಪ್ರಯೋಗದಲ್ಲಿ ಅದು ನಿಲ್ಲಲಿಲ್ಲ.

ಹೆಜ್ಜೆ 3: ಅಡುಗೆಮನೆಯ ಬಿಸಿ ಇಳಿಸಿ

ಮಾರ್ಚ್‌ನಿಂದ ಮೇವರೆಗೆ ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಒಲೆ ಹಚ್ಚುವ ಕೆಲಸವನ್ನೆಲ್ಲಾ ಬೆಳಗ್ಗೆ ಎಂಟರೊಳಗೆ ಮುಗಿಸಿ. ಬೇಳೆ, ತರಕಾರಿ, ಅನ್ನ ಒಂದೇ ಕುಕ್ಕರ್‌ನಲ್ಲಿ ಪಾತ್ರೆ ಮೇಲೆ ಪಾತ್ರೆ ಇಟ್ಟು ಬೇಯಿಸಿ. ಒಲೆ ಪಕ್ಕ ಎತ್ತರದ ಸ್ಟೂಲ್ ಇಡಿ, ಹೆಚ್ಚುವುದು ಸೋಸುವುದು ಎಲ್ಲ ಕೂತೇ ಮಾಡಿ. ಹೋಳಿಗೆ, ರೊಟ್ಟಿ, ದೋಸೆಯಂಥ ಕಾವಲಿ ಮುಂದಿನ ಕೆಲಸ ಬೇರೆಯವರು ಮಾಡಲಿ. ಇದು ಸೋಮಾರಿತನ ಅಲ್ಲ ಎಂದು ಮನೆಯವರಿಗೆ ಒಮ್ಮೆ ಕೂರಿಸಿ ಹೇಳಬೇಕಾಗುತ್ತದೆ. ಹೇಳಿ.

ಕುಡಿಯಲು ತಣ್ಣನೆಯದು ಹತ್ತಿರ ಇರಲಿ. ಮಜ್ಜಿಗೆ, ಮಡಕೆ ನೀರು, ತಣ್ಣಗಿನ ರಾಗಿ ಅಂಬಲಿ, ಕಲ್ಲಂಗಡಿ. ಹೊರಗೆ ಹೋಗುವ ಮೊದಲು ಒಂದು ಲೋಟ ತಣ್ಣೀರು ಕುಡಿದು ಹೋದರೆ ಅಕ್ಕ ಬಸ್‌ಸ್ಟ್ಯಾಂಡ್‌ವರೆಗೆ ನಿಲ್ಲದೆ ನಡೆಯುತ್ತಾಳೆ. ಕುತ್ತಿಗೆಗೆ ಒದ್ದೆ ಟವಲ್ ಕೂಡ ಕೆಲಸ ಮಾಡುತ್ತದೆ.

ಇನ್ನೊಂದು ಅಪಾಯ ಯಾರೂ ಹೇಳುವುದಿಲ್ಲ. ಬೆರಳಿಗೆ ಸ್ಪರ್ಶ ಕಡಿಮೆಯಾದವರಿಗೆ ಬಿಸಿ ಗೊತ್ತಾಗುವುದಿಲ್ಲ. ಅಕ್ಕ ಒಮ್ಮೆ ಹಬೆಯಾಡುವ ಅನ್ನ ಕಲಸಿಕೊಂಡು ಅರ್ಧ ಊಟ ಮಾಡಿದ ಮೇಲೆ ನೋಡಿದರೆ ಬೆರಳ ತುದಿಯಲ್ಲಿ ಬೊಬ್ಬೆ. ಈಗ ಅನ್ನವನ್ನು ತಟ್ಟೆಯಲ್ಲಿ ಹರಡಿ ಐದು ನಿಮಿಷ ಬಿಡುತ್ತೇವೆ. ಸ್ನಾನದ ನೀರನ್ನು ಬೇರೆಯವರ ಮೊಣಕೈ ಅದ್ದಿ ನೋಡುತ್ತೇವೆ.

ಹೆಜ್ಜೆ 4: ಸುಸ್ತಿಗೆ ತಕ್ಕ ಊಟದ ಹೊತ್ತು

ಎಂಎಸ್‌ನ ಸುಸ್ತು ಕೆಲಸ ಮಾಡಿ ದಣಿದ ಸುಸ್ತಲ್ಲ. ನಿದ್ದೆ ಮಾಡಿ ಎದ್ದರೂ ಇರುತ್ತದೆ. ಮಧ್ಯಾಹ್ನ ತಟ್ಟೆ ತುಂಬ ಅನ್ನ, ಮೇಲೆ ಹಪ್ಪಳ, ಪಾಯಸ ಉಂಡರೆ ನಮಗೇ ತೂಕಡಿಕೆ ಬರುತ್ತದೆ, ಅಲ್ವಾ? ಅವರಿಗೆ ಆ ದಿನದ ಉಳಿದ ಹೊತ್ತೇ ಹೋಗಿಬಿಡುತ್ತದೆ. ಮೂರು ದೊಡ್ಡ ಊಟದ ಬದಲು ಐದು ಚಿಕ್ಕ ಊಟ ಮಾಡಿ. ಪ್ರತಿ ಸಲ ಅನ್ನ ಅಥವಾ ರೊಟ್ಟಿಯ ಜೊತೆ ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನು ಇವುಗಳಲ್ಲಿ ಒಂದು ಇರಲಿ.

ಬೆಳಗ್ಗೆ ಶಕ್ತಿ ಇರುವಾಗ ಅಗಿಯುವ ಊಟ, ಸಂಜೆ ದವಡೆ ದಣಿದಿರುವಾಗ ಮೆತ್ತಗಿನ ಊಟ. ರಾತ್ರಿ ಬಿಸಿಬೇಳೆಬಾತ್, ಹೆಸರುಬೇಳೆ ಕಿಚಡಿ, ಮೆತ್ತಗೆ ಕಲಸಿದ ಮೊಸರನ್ನ ಸಾಕು. ಕೈ ನಡುಗುವವರಿಗೆ ಅಂಚು ಎತ್ತರ ಇರುವ ತಟ್ಟೆ, ಅದರ ಕೆಳಗೆ ಒದ್ದೆ ಬಟ್ಟೆ. ಹಗುರ ಸ್ಟೀಲ್ ಲೋಟಕ್ಕಿಂತ ಭಾರದ ಲೋಟ ನಡುಗುವ ಕೈಗೆ ಹಿಡಿತ ಕೊಡುತ್ತದೆ.

ಹೆಜ್ಜೆ 5: ನೀರು ಬಿಡಬೇಡಿ, ಹೊತ್ತು ಬದಲಿಸಿ

ಮೂತ್ರ ತಡೆಯಲಾಗದ ಕಷ್ಟ ಬಹಳ ಜನರಿಗಿದೆ. ನಾಚಿಕೆಯಿಂದ ಹೇಳುವುದಿಲ್ಲ. ಅದಕ್ಕೆ ಕಂಡುಕೊಂಡ ಸುಲಭ ದಾರಿ ನೀರು ಕುಡಿಯದೇ ಇರುವುದು. ಮದುವೆ ಮನೆಗೆ ಹೋಗುವ ದಿನ ಅಕ್ಕ ಬೆಳಗ್ಗೆಯಿಂದ ಒಂದು ಹನಿ ಮುಟ್ಟುತ್ತಿರಲಿಲ್ಲ. ಆದರೆ ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಚೀಲವನ್ನು ಇನ್ನಷ್ಟು ಕೆರಳಿಸುತ್ತದೆ. ಮಲ ಗಟ್ಟಿಯಾಗುತ್ತದೆ. ಸೋಂಕು ಬೇಗ ತಗಲುತ್ತದೆ. ಸೋಂಕಿಗೆ ಜ್ವರ ಬಂದರೆ ಮೈ ಬಿಸಿಯೇರಿ ಹಳೆಯ ಲಕ್ಷಣಗಳೆಲ್ಲಾ ವಾಪಸ್. ನೋಡುವವರಿಗೆ ಕಾಯಿಲೆ ಮರುಕಳಿಸಿದಂತೆಯೇ ಕಾಣುತ್ತದೆ.

ಹಾಗಾಗಿ ಕಿಡ್ನಿ ಅಥವಾ ಹೃದಯದ ತೊಂದರೆ ಇಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕುಡಿಯಿರಿ. ಹೆಚ್ಚಿನ ಪಾಲು ಸಂಜೆ ಆರರೊಳಗೆ ಮುಗಿಯಲಿ. ಮಲಗುವ ಎರಡು ಗಂಟೆ ಮೊದಲಿಂದ ಗುಟುಕು ಮಾತ್ರ. ಒಂದೇ ಸಲ ಚೊಂಬು ಎತ್ತಬೇಡಿ, ಗಂಟೆಗೊಂದು ಅರ್ಧ ಲೋಟ ಕುಡಿಯಿರಿ. ಕಾಫಿ, ಟೀ, ಕೋಲಾ ಮೂತ್ರಚೀಲವನ್ನು ಕೆರಳಿಸುತ್ತವೆ. ಫಿಲ್ಟರ್ ಕಾಫಿ ಬಿಡಿ ಎಂದು ನಾನು ಹೇಳುವುದಿಲ್ಲ. ಬೆಳಗಿನ ಒಂದು ಲೋಟ ಇರಲಿ, ಸಂಜೆಯದನ್ನು ಹದಿನೈದು ದಿನ ಬಿಟ್ಟು ನೋಟ್‌ಬುಕ್‌ನಲ್ಲಿ ವ್ಯತ್ಯಾಸ ನೋಡಿ.

ಮಲಬದ್ಧತೆಯದೂ ಇದೇ ಕಥೆ. ಹೊಟ್ಟೆ ಕಟ್ಟಿದರೆ ಕಾಲಿನ ಬಿಗಿತ, ಸೆಳೆತ ಜಾಸ್ತಿಯಾಗುತ್ತದೆ. ಇದು ನಮಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಅಕ್ಕನ ಬೆಳಗಿನ ಕ್ರಮ ಈಗ ಹೀಗಿದೆ. ಎದ್ದ ಕೂಡಲೆ ಒಂದು ಲೋಟ ಉಗುರುಬೆಚ್ಚಗಿನ ನೀರು. ಏಳೂವರೆಗೆ ತಿಂಡಿ. ತಿಂಡಿಯಾಗಿ ಇಪ್ಪತ್ತು ನಿಮಿಷಕ್ಕೆ, ಒತ್ತಡ ಇರಲಿ ಬಿಡಲಿ, ಕಮೋಡ್ ಮೇಲೆ ಕೂರುತ್ತಾಳೆ. ಹೊಟ್ಟೆಗೆ ಊಟ ಬಿದ್ದಾಗ ಕರುಳು ತಾನಾಗಿ ಚಲಿಸುತ್ತದೆ, ಆ ಹೊತ್ತನ್ನು ಬಳಸಿಕೊಳ್ಳುವುದು. ಕಾಲ ಕೆಳಗೆ ಒಂದು ಮಣೆ. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಸಲೀಸು.

ನಾರಿನಂಶಕ್ಕೆ ಅಂಗಡಿಯ ಡಬ್ಬಿ ಬೇಕಿಲ್ಲ. ಜೋಳದ ರೊಟ್ಟಿ, ಬಸ್ಸಾರಿನ ಸೊಪ್ಪು, ಹುರುಳಿಕಾಯಿ, ಸೀಬೆ, ಪಪ್ಪಾಯಿ. ಉತ್ತರ ಕರ್ನಾಟಕದವರ ಅಗಸಿ ಹಿಂಡಿ ಅಂತೂ ಬಲು ಒಳ್ಳೆಯದು. ಅಗಸೆಯಲ್ಲಿ ನಾರೂ ಇದೆ, ಸಸ್ಯಾಹಾರಿಗಳಿಗೆ ಸಿಗುವ ಒಮೆಗಾ 3 ಕೂಡ ಇದೆ. ಆದರೆ ನಾರನ್ನು ನಿಧಾನಕ್ಕೆ ಜಾಸ್ತಿ ಮಾಡಿ. ಇಸಬ್ಗೋಲ್ ತಗೊಂಡರೆ ದೊಡ್ಡ ಲೋಟ ನೀರಿನ ಜೊತೆಗೇ ತಗೊಳ್ಳಿ. ನೀರಿಲ್ಲದೆ ತಗೊಂಡರೆ ಅದೇ ಒಳಗೆ ಗಟ್ಟಿಯಾಗಿ ಕೂರುತ್ತದೆ. ನುಂಗಲು ಕಷ್ಟ ಇರುವವರು ಡಾಕ್ಟರನ್ನು ಕೇಳದೆ ಇಸಬ್ಗೋಲ್ ಮುಟ್ಟಬಾರದು.

ಹೆಜ್ಜೆ 6: ನುಂಗುವಾಗ ಕೆಮ್ಮು ಬರುತ್ತಿದೆಯಾ ನೋಡಿ

ನಾವು ಮುದ್ದೆ ಉಣ್ಣುವ ಜನ. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ಚಿಕ್ಕಂದಿನಲ್ಲೇ ಕಲಿಸುತ್ತಾರೆ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಕ್ಕೆಂದು ಇಳಿಸುವುದು. ಗಂಟಲಿನ ಸ್ನಾಯು ದುರ್ಬಲ ಆದವರಿಗೆ ಇದು ನಿಜವಾದ ಅಪಾಯ. ಅಂಟುವ ದೊಡ್ಡ ತುತ್ತು ಗಂಟಲಲ್ಲಿ ನಿಂತರೆ ಉಸಿರೇ ಕಟ್ಟುತ್ತದೆ. ನಮ್ಮ ಮನೆಯಲ್ಲಿ ಒಂದು ರಾತ್ರಿ ಹೀಗಾಯಿತು. ಬೆನ್ನಿಗೆ ಬಲವಾಗಿ ಹೊಡೆದು ತುತ್ತು ಹೊರಬರುವವರೆಗಿನ ಆ ಕ್ಷಣಗಳನ್ನು ನಾನು ಮರೆತಿಲ್ಲ. ಮರುದಿನದಿಂದ ಅಕ್ಕನಿಗೆ ಮುದ್ದೆ ಇಲ್ಲ. ಅದೇ ರಾಗಿ ಹಿಟ್ಟಿನ ಗಟ್ಟಿ ಅಂಬಲಿ, ಮೇಲೊಂದಿಷ್ಟು ಮಜ್ಜಿಗೆ ಕಲಸಿ, ಚಮಚದಲ್ಲಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ. ಅದನ್ನು ಕಳೆದುಕೊಳ್ಳಬೇಕಿಲ್ಲ, ರೂಪ ಬದಲಿಸಿದರಾಯಿತು.

ಗಮನಿಸಬೇಕಾದ ಸೂಚನೆಗಳಿವು: ನೀರು ಕುಡಿದಾಗ ಕೆಮ್ಮು, ಊಟವಾದ ಮೇಲೆ ದನಿ ಒದ್ದೆಯಾದಂತೆ ಗೊರಗೊರ ಎನ್ನುವುದು, ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಪದೇ ಪದೇ ಎದೆಯ ಸೋಂಕು. ಇವುಗಳಲ್ಲಿ ಒಂದು ಕಂಡರೂ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ. ಮಾತು ಕಲಿಸುವವರು ಎಂದು ಮಾತ್ರ ನಾವು ತಿಳಿದಿರುತ್ತೇವೆ, ನುಂಗುವ ತೊಂದರೆ ನೋಡುವವರೂ ಅವರೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ತಜ್ಞರಿದ್ದಾರೆ.

ನುಂಗಲು ಅತಿ ಕಷ್ಟದ್ದು ಗಟ್ಟಿ ಪದಾರ್ಥ ಎಂದು ನಾವು ಅಂದುಕೊಂಡಿದ್ದೆವು. ಹಾಗಲ್ಲ. ನೀರಿನಂಥ ತೆಳು ಪದಾರ್ಥ ಸಟ್ಟನೆ ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ. ತೆಳು ಮತ್ತು ಗಟ್ಟಿ ಎರಡೂ ಸೇರಿದ್ದು ಇನ್ನೂ ಕಷ್ಟ. ಅಂದರೆ ನಮ್ಮ ತಿಳಿಸಾರು ಅನ್ನ! ಸಾರು ಮೊದಲು ಜಾರುತ್ತದೆ, ಅಗುಳು ಹಿಂದೆ ಉಳಿಯುತ್ತದೆ. ಉದುರುವ ಅವಲಕ್ಕಿ, ಚಟ್ನಿಪುಡಿ, ಒಣ ಚಪಾತಿ, ಮಂಡಕ್ಕಿ ಕೂಡ ಬೇಡ. ಗಟ್ಟಿ ತೊವ್ವೆಯಲ್ಲಿ ಕಿವುಚಿದ ಅನ್ನ, ಇಡ್ಲಿಯನ್ನು ಸಾಂಬಾರಲ್ಲಿ ಪೂರ್ತಿ ನೆನೆಸಿ ಹಿಸುಕಿದ್ದು, ಕುಂಬಳಕಾಯಿ ಗೊಜ್ಜು, ಗಟ್ಟಿ ಮೊಸರು ಸಲೀಸು. ನೇರವಾಗಿ ಕೂತು ತಿನ್ನಿ. ಗಲ್ಲ ಸ್ವಲ್ಪ ಎದೆ ಕಡೆ ಬಾಗಿಸಿ ನುಂಗುವುದು ಹಲವರಿಗೆ ನೆರವಾಗುತ್ತದೆ, ನಿಮಗೆ ಸರಿಯೇ ಎಂದು ಥೆರಪಿಸ್ಟ್ ಹತ್ತಿರ ತೋರಿಸಿಕೊಳ್ಳಿ. ಟಿವಿ ಆಫ್ ಮಾಡಿ, ಮಾತಾಡಿಸಬೇಡಿ. ಉಂಡ ಮೇಲೆ ಅರ್ಧ ಗಂಟೆ ಮಲಗಬೇಡಿ.

ಹೆಜ್ಜೆ 7: ಔಷಧಿಗೆ ಊಟ ಹೊಂದಿಸಿ

ಡೈಮೀಥೈಲ್ ಫ್ಯುಮರೇಟ್ ಎಂಬ ಎಂಎಸ್ ಔಷಧಿ ತಗೊಳ್ಳುವವರಿಗೆ ಮುಖ ಕೆಂಪಾಗಿ ಉರಿಯುವುದು, ಹೊಟ್ಟೆ ತೊಳಸುವುದು ಸಾಮಾನ್ಯ. ಖಾಲಿ ಹೊಟ್ಟೆಯಲ್ಲಿ ಅಥವಾ ಬರೀ ಟೀ ಬಿಸ್ಕತ್ ಜೊತೆ ತಗೊಂಡರೆ ಜಾಸ್ತಿ. ಇಡ್ಲಿ ಜೊತೆ ಕಡಲೆಕಾಯಿ ಚಟ್ನಿ, ಮೊಸರು, ಮೊಟ್ಟೆ ಹೀಗೆ ಪ್ರೋಟೀನ್, ಸ್ವಲ್ಪ ಕೊಬ್ಬು ಇರುವ ತಿಂಡಿಯ ನಡುವೆ ತಗೊಂಡು ನೋಡಿ.

ಕಾಯಿಲೆ ಮರುಕಳಿಸಿದಾಗ ಮೂರರಿಂದ ಐದು ದಿನ ದಿನಕ್ಕೆ ಒಂದು ಗ್ರಾಂ ಸ್ಟೀರಾಯ್ಡ್ ಡ್ರಿಪ್ ಕೊಡುತ್ತಾರೆ. ಆ ದಿನಗಳಲ್ಲಿ ಹಸಿವೋ ಹಸಿವು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಶುಗರ್ ಏರುತ್ತದೆ, ಮೈಯಲ್ಲಿ ನೀರು ನಿಂತು ಮುಖ ಊದುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಿಹಿತಿಂಡಿ ಆ ವಾರ ಮನೆಯಲ್ಲೇ ಇಡಬೇಡಿ. ಎದುರಿಗೆ ಇಟ್ಟು ಬೇಡ ಎನ್ನುವುದು ಕ್ರೌರ್ಯ. ಸೌತೆಕಾಯಿ, ಹುರಿದ ಕಡಲೆ, ಮಜ್ಜಿಗೆ, ಬೇಳೆ ಜಾಸ್ತಿ ಇರುವ ಹುಳಿ ಕೈಗೆ ಸಿಗುವಂತಿರಲಿ. ಬಾಯಿಯ ಕಹಿಗೆ ನಿಂಬೆ ಪೆಪ್ಪರ್‌ಮಿಂಟ್ ಚೀಪಿದರೆ ಕಡಿಮೆಯಾಗುತ್ತದೆ.

ರಿಟುಕ್ಸಿಮ್ಯಾಬ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿದ್ದರೆ ಶುಚಿತ್ವ ಮುಖ್ಯ. ಹಾಲು ಉಕ್ಕಿಸಿಯೇ ಕುಡಿಯಿರಿ. ಹಸಿ ಮೊಳಕೆಕಾಳು ಬೇಡ, ಬೇಯಿಸಿ ತಿನ್ನಿ. ಪಾನಿಪುರಿಯ ನೀರು, ತಳ್ಳುಗಾಡಿಯ ಹೆಚ್ಚಿಟ್ಟ ಹಣ್ಣು ಬೇಡ.

ಏಕಾದಶಿ, ಶ್ರಾವಣ ಸೋಮವಾರ, ರಂಜಾನ್ ಉಪವಾಸ ಇರುವವರು ಮಾತ್ರೆಯ ಹೊತ್ತನ್ನು ಹೇಗೆ ಹೊಂದಿಸಬೇಕು ಎಂದು ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ.

ಹೆಜ್ಜೆ 8: ಹೆಸರಾಂತ ಡಯಟ್‌ಗಳಿಂದ ಬೇಕಾದಷ್ಟೇ ತಗೊಳ್ಳಿ

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಎರಡು ಹೆಸರು ಮೊದಲು ಬರುತ್ತವೆ. ಒಂದು ಅಮೆರಿಕದ ನರರೋಗ ತಜ್ಞ ರಾಯ್ ಸ್ವಾಂಕ್ ಅವರದು. ನಾರ್ವೆಯಲ್ಲಿ ಕರಾವಳಿಯ ಮೀನುಗಾರರಿಗಿಂತ ಒಳನಾಡಿನ ಹೈನುಗಾರಿಕೆಯ ಊರುಗಳಲ್ಲಿ ಎಂಎಸ್ ಜಾಸ್ತಿ ಇರುವುದು ಅವರ ಗಮನಕ್ಕೆ ಬಂತು. ಬೆಣ್ಣೆ, ಕೆನೆ, ಮಾಂಸದ ಕೊಬ್ಬನ್ನು ತೀರಾ ಇಳಿಸಿದ ಊಟ ಕೊಟ್ಟು 144 ಜನರನ್ನು 34 ವರ್ಷ ನೋಡಿದರು. 1990ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕೊಬ್ಬು ಇಳಿಸಿದವರು ಚೆನ್ನಾಗಿದ್ದರು. ಆದರೆ ಹೋಲಿಸಿ ನೋಡಲು ಬೇರೆ ಊಟ ಕೊಟ್ಟ ಇನ್ನೊಂದು ಗುಂಪನ್ನು ಅವರು ಇಟ್ಟಿರಲಿಲ್ಲ. ಹಾಗಾಗಿ ಅದನ್ನು ಸಾಬೀತಾಯಿತು ಎನ್ನಲಾಗುವುದಿಲ್ಲ.

ಇನ್ನೊಂದು ಟೆರಿ ವಾಲ್ಸ್ ಅವರದು. ಸ್ವತಃ ಎಂಎಸ್ ಇರುವ ಅಮೆರಿಕದ ವೈದ್ಯೆ. ಅವರ ಪದ್ಧತಿಯಲ್ಲಿ ಸೊಪ್ಪು, ಬಣ್ಣದ ತರಕಾರಿ, ಮಾಂಸ ಜಾಸ್ತಿ. ಧಾನ್ಯ, ಬೇಳೆ, ಹಾಲು, ಮೊಟ್ಟೆ ಬಹುತೇಕ ದೂರ. 2021ರಲ್ಲಿ ಈ ಎರಡನ್ನೂ ಎದುರುಬದುರು ಇಟ್ಟು ನೋಡಿದರು. ಎರಡೂ ಗುಂಪಿನಲ್ಲಿ ಸುಸ್ತು ಇಳಿಯಿತು. ಒಂದು ತೀರಾ ಕೊಬ್ಬಿಲ್ಲದ್ದು, ಇನ್ನೊಂದು ಕೊಬ್ಬಿಗೆ ಹೆದರದ್ದು. ಎರಡರಲ್ಲೂ ಸಾಮಾನ್ಯವಾಗಿದ್ದದ್ದು ತರಕಾರಿ ಹಣ್ಣು ಜಾಸ್ತಿ, ಪ್ಯಾಕೆಟ್ ತಿಂಡಿ ಕಡಿಮೆ. ನನಗೆ ತೋಚುವುದು ಇಷ್ಟೇ: ಗುಟ್ಟು ಇದ್ದರೆ ಅಲ್ಲೇ ಇರಬೇಕು. ಬೇಳೆ ಮೊಸರು ಎರಡನ್ನೂ ಬಿಟ್ಟ ಸಸ್ಯಾಹಾರಿ ಏನು ತಿಂದು ಬದುಕಬೇಕು ಹೇಳಿ. ನಮ್ಮ ಮನೆಗೆ ವಾಲ್ಸ್ ಪದ್ಧತಿ ಹೊಂದುವುದಿಲ್ಲ.

ಸ್ವಾಂಕ್ ಅವರ ಮಾತಿಂದ ನಾವು ಒಂದನ್ನು ತಗೊಂಡೆವು. ಕೊಬ್ಬರಿ ಊರಿನವರು ನಾವು, ಎಲ್ಲಕ್ಕೂ ಕಾಯಿ ಬೇಕು. ಒಂದು ಟೇಬಲ್ ಚಮಚ ಕೊಬ್ಬರಿ ಎಣ್ಣೆಯಲ್ಲೇ 12 ಗ್ರಾಂ ಹತ್ತಿರ ಸ್ಯಾಚುರೇಟೆಡ್ ಕೊಬ್ಬಿದೆ. ಸ್ವಾಂಕ್ ಇಡೀ ದಿನಕ್ಕೆ ಒಪ್ಪುವುದು 15 ಗ್ರಾಂ. "ಕಾಯಿ ಇಲ್ಲದ ಚಟ್ನಿ ಏನ್ ಚೆಂದ?" ಎಂದು ಅಮ್ಮ ಗೊಣಗಿದರು. ಕಾಯಿ ಪೂರ್ತಿ ಬಿಡಲಿಲ್ಲ. ಅರ್ಧ ಕಾಯಿ, ಅರ್ಧ ಹುರಿಗಡಲೆ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ. ಮೀನು ತಿನ್ನುವ ಮನೆಯಾದರೆ ವಾರಕ್ಕೆರಡು ಸಲ ಬಂಗುಡೆ, ಬೂತಾಯಿ ಸಾರು ಮಾಡಿ, ಹುರಿಯುವುದು ಬೇಡ.

ಗೋಧಿ ಬಿಟ್ಟರೆ ಎಂಎಸ್ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಹಾಲು ಬಿಡುವುದೂ ಹಾಗೆಯೇ. ಬಿಟ್ಟು ನಿಮಗೆ ಹಿತ ಎನಿಸಿದರೆ ಬಿಡಿ, ಆದರೆ ರಾಗಿ, ಎಳ್ಳು, ಸೊಪ್ಪಿನಿಂದ ಕ್ಯಾಲ್ಸಿಯಂ ತುಂಬಿಸಿಕೊಳ್ಳಿ. ಸ್ಟೀರಾಯ್ಡ್ ತಗೊಂಡ ಮೂಳೆಗಳಿಗೆ ಅದು ಬೇಕೇ ಬೇಕು. ಬೀಡಿ ಸಿಗರೇಟು ಇದ್ದರೆ ಊಟಕ್ಕಿಂತ ಮೊದಲು ಅದನ್ನು ಬಿಡಿ. ಹೊಗೆ ಈ ಕಾಯಿಲೆಯನ್ನು ಬೇಗ ಮುಂದಕ್ಕೆ ತಳ್ಳುತ್ತದೆ ಎಂಬುದು ಚೆನ್ನಾಗಿ ಗೊತ್ತಿರುವ ವಿಷಯ.

ಹೆಜ್ಜೆ 9: 'ಇಮ್ಯುನಿಟಿ ಬೂಸ್ಟರ್' ಎಂದು ಬರೆದಿದ್ದರೆ ಕೆಳಗಿಡಿ

ಪ್ರೀತಿಯಿಂದ ತಂದುಕೊಡುವವರು ಬಹಳ. ಅತ್ತೆ ಒಂದು ಕಷಾಯ, ಪಕ್ಕದ ಮನೆಯವರು ಒಂದು ಪುಡಿ. ಆದರೆ ಈ ಕಾಯಿಲೆಯಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಾಗಿಲ್ಲ, ದಾರಿ ತಪ್ಪಿದೆ. ಅದನ್ನು ಇನ್ನಷ್ಟು ಕೆರಳಿಸುವುದು ನಮಗೆ ಬೇಕಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್‌ಗೆ ತೊಂದರೆಯಾದ ಆರು ಜನರ ಬಗ್ಗೆ ಮುಂಬೈನ ವೈದ್ಯರು 2021ರಲ್ಲಿ ಬರೆದಿದ್ದರು. ಟೆರಿಫ್ಲುನಮೈಡ್‌ನಂಥ ಎಂಎಸ್ ಮಾತ್ರೆಗಳಿಗೂ ಲಿವರ್ ಮೇಲೆ ಕಣ್ಣಿಡಬೇಕಾಗುತ್ತದೆ. ಎರಡೂ ಸೇರಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಕಷ್ಟ. ಅಡುಗೆಗೆ ಹಾಕುವ ಅರಿಸಿನ, ಶುಂಠಿ, ಬೆಳ್ಳುಳ್ಳಿಗೆ ಹೆದರಬೇಕಿಲ್ಲ. ಗುಳಿಗೆ, ಪುಡಿ, ಅರಿಷ್ಟ ಎಂದು ಬಾಟಲಿಯಲ್ಲಿ ಬಂದದ್ದನ್ನು ಮಾತ್ರ ಕೇಳದೆ ತಗೊಳ್ಳಬೇಡಿ.

ಯಾವಾಗ ಡಾಕ್ಟರ್‌ಗೆ ಫೋನ್ ಮಾಡಬೇಕು

ಹೊಸ ಲಕ್ಷಣ ಬಂದು 24 ಗಂಟೆ ದಾಟಿದರೆ, ಅದೂ ಜ್ವರ ಸೆಕೆ ಎರಡೂ ಇಲ್ಲದಿದ್ದಾಗ, ಕಾಯಬೇಡಿ. ಮೂತ್ರ ಉರಿ, ಜ್ವರ, ಮೂತ್ರ ಕಟ್ಟಿಕೊಂಡರೆ ಅವತ್ತೇ ತೋರಿಸಿ. ಊಟ ಗಂಟಲಲ್ಲಿ ನಿಂತು ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆ.

ನೆರವಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಶಾಖೆಯೂ ಬೆಂಗಳೂರಿನಲ್ಲಿದೆ, ಇದೇ ಕಾಯಿಲೆ ಇರುವ ಬೇರೆಯವರ ಪರಿಚಯ ಅಲ್ಲಿ ಆಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎಂಎಸ್ ಕೂಡ ಸೇರಿದೆ. ಯುಡಿಐಡಿ ಕಾರ್ಡ್‌ಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು.

ಮುಂದಿನ ಸಲ ನ್ಯೂರಾಲಜಿಸ್ಟ್ ಹತ್ತಿರ ಹೋಗುವಾಗ ಎರಡು ವಸ್ತು ತಗೊಂಡು ಹೋಗಿ. ಒಂದು ಆ ನೋಟ್‌ಬುಕ್. ಇನ್ನೊಂದು ಚೀಲ. ಮನೆಯಲ್ಲಿರುವ ಮಾತ್ರೆ, ವಿಟಮಿನ್, ಪುಡಿ, ಕಷಾಯ ಎಲ್ಲವನ್ನೂ ಅದರಲ್ಲಿ ಹಾಕಿಕೊಳ್ಳಿ. ಅಕ್ಕನ ಚೀಲದಿಂದ ಮೊದಲ ಸಲ ಒಂಬತ್ತು ಡಬ್ಬಿ ಹೊರಬಂದವು. ಡಾಕ್ಟರ್ ಒಂದೊಂದಾಗಿ ಓದಿ ನಾಲ್ಕನ್ನು ಅವಳ ಕಡೆ ಸರಿಸಿದರು, ಐದನ್ನು ನನ್ನ ಕೈಗೆ ಕೊಟ್ಟು "ಇವು ಇನ್ನು ಬೇಡಮ್ಮ" ಎಂದರು.